‘ಸ್ವಲ್ಪ ಕಮ್ಮಿ ಮಾಡಿ ಮೇಡಂ’

ಹೋದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಫೋನು. ನನ್ನ ಹತ್ತಿರ ನಟನೆ ಕಲಿತ ಹುಡುಗಿ. ಆರು ವರ್ಷ ಹವ್ಯಾಸಿ ತಂಡಗಳಲ್ಲಿ ನಾಟಕ ಮಾಡಿದವಳು, ಅವತ್ತು ಮೊದಲ ಸಲ ಸೀರಿಯಲ್ ಸೆಟ್ಟಿಗೆ ಹೋಗಿದ್ದಳು. "ಅಕ್ಕಾ, ಬೆಳಗ್ಗೆಯಿಂದ ಹನ್ನೊಂದು ಸಲ ‘ಸ್ವಲ್ಪ ಕಮ್ಮಿ ಮಾಡಿ ಮೇಡಂ, ನಾಟಕ ಆಗ್ತಿದೆ’ ಅಂದ್ರು. ಏನು ಕಮ್ಮಿ ಮಾಡ್ಬೇಕು ಅಂತ ಒಬ್ರೂ ಹೇಳ್ಲಿಲ್ಲ" ಅಂದಳು. ಅಳು ಗಂಟಲಿಗೆ ಬಂದಿತ್ತು, ತಡೆದುಕೊಂಡಿದ್ದಳು. ಆದರೂ ಎಷ್ಟು ಸಲ ಅಂದರು ಅಂತ ಎಣಿಸಿದ್ದಾಳಲ್ಲ, ಅದು ನನಗೆ ಇಷ್ಟವಾಯಿತು.

ನಮ್ಮ ಭಾಷೆಯೇ ರಂಗದವರಿಗೆ ಸ್ವಲ್ಪ ಅನ್ಯಾಯ ಮಾಡಿದೆ ಬಿಡಿ. ಮನೆಯಲ್ಲಿ ಮಗು ಹೊಟ್ಟೆನೋವು ಅಂತ ಸುಳ್ಳು ಹೇಳಿದರೆ ‘ನಾಟಕ ಆಡ್ಬೇಡ’ ಅನ್ನುತ್ತೇವೆ. ಸೆಟ್ಟಿನಲ್ಲಿ ಅದೇ ಮಾತು ಸುಳ್ಳು ಅನ್ನೋದಕ್ಕೂ ಆಗುತ್ತೆ, ಜೋರು ಅನ್ನೋದಕ್ಕೂ ಆಗುತ್ತೆ, ಟೈಮ್ ಇಲ್ಲ ಬೇಗ ಮುಗಿಸಿ ಅನ್ನೋದಕ್ಕೂ ಆಗುತ್ತೆ. ನಟಿಗೆ ಯಾವುದು ಅಂತ ತಿಳಿಯಲ್ಲ. ಅವಳು ಸುಮ್ನೆ ಎಲ್ಲವನ್ನೂ ಕಮ್ಮಿ ಮಾಡಿಬಿಡುತ್ತಾಳೆ.

ನಾನೂ ಅದನ್ನೇ ಮಾಡಿದ್ದೆ. ಇಪ್ಪತ್ತು ವರ್ಷದ ಹಿಂದಿನ ಮಾತು, ಯಾವ ಸೀರಿಯಲ್ ಅಂತ ಕೇಳಬೇಡಿ. ಮಗನಿಗೆ ಆಕ್ಸಿಡೆಂಟ್ ಆಗಿದೆ ಅಂತ ಫೋನಿನಲ್ಲಿ ಕೇಳುವ ತಾಯಿಯ ಪಾತ್ರ. ಮೊದಲ ಟೇಕ್‌ನಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಾಲ್ಕನಿಗೆ ತಲುಪುವ ಹಾಗೆ ಎದೆಗೆ ಕೈ ಹೊಡೆದುಕೊಂಡೆ. ಕಮ್ಮಿ ಮಾಡಿ ಅಂದರು. ಕೈ ಬಿಟ್ಟೆ. ಇನ್ನೂ ಕಮ್ಮಿ. ದನಿ ಬಿಟ್ಟೆ. ಇನ್ನೂ. ಮುಖ ಬಿಟ್ಟೆ. ಓಕೆ ಆಯಿತು. ಆಮೇಲೆ ಮಾನಿಟರ್ ನೋಡಿದರೆ ಅಲ್ಲಿ ಒಬ್ಬ ಹೆಂಗಸು ಬಸ್ಸಿಗೆ ಕಾಯುತ್ತಿದ್ದಾಳೆ, ಅದೂ ಅಂಥ ಅವಸರವೇನೂ ಇಲ್ಲದ ಬಸ್ಸಿಗೆ. ಕ್ಯಾಮೆರಾ ಹಿಡಿದಿದ್ದವರು ರೀಲ್ ಕಾಲದಿಂದ ಇದ್ದ ಹಿರಿಯರು. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು: "ಅಮ್ಮಾ, ಕೈ ಕಮ್ಮಿ ಮಾಡಿ ಅಂದ್ರೆ ನೀವು ತಲೆ ಒಳಗಿನದ್ದೂ ಆಫ್ ಮಾಡ್ಬಿಟ್ರಲ್ಲ."

ಇಷ್ಟು ವರ್ಷದಲ್ಲಿ ಪಾಠ ಹೇಳುವಾಗ ನಾನು ಮಾಡುತ್ತಿರೋದು ಹೆಚ್ಚುಕಮ್ಮಿ ಆ ಒಂದು ಮಾತಿನ ವಿವರಣೆ ಅಷ್ಟೆ. ಕಮ್ಮಿ ಮಾಡಬೇಕಾದದ್ದು ಯಾವುದು, ಮಾಡಬಾರದ್ದು ಯಾವುದು.

ಮಾಡಬೇಕಾದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಸುಲಭ. ಜೆ.ಪಿ. ನಗರದ ರಂಗಶಂಕರದಂಥ 300ಕ್ಕಿಂತ ಸ್ವಲ್ಪ ಜಾಸ್ತಿ ಸೀಟಿನ ಜಾಗದಲ್ಲೂ ಕೊನೆ ಸಾಲಿನವರಿಗೆ ನಿಮ್ಮ ಹುಬ್ಬು ಕಾಣಲ್ಲ. ಕಾಣೋದು ನಿಮ್ಮ ಬೆನ್ನು, ಭುಜ, ನಡಿಗೆ, ನೀವು ನಿಂತ ಜಾಗ. ರವೀಂದ್ರ ಕಲಾಕ್ಷೇತ್ರಕ್ಕೆ ಹೋದರೆ ಇನ್ನೂ ದೂರ. ಹಾಗಾಗಿ ರಂಗನಟಿ ಮೈಯಿಂದ ಯೋಚಿಸೋದನ್ನು ಕಲಿತಿರುತ್ತಾಳೆ. ಕ್ಲೋಸಪ್ಪಿನಲ್ಲಿ, ಮುಖವನ್ನೇ ತೆರೆ ತುಂಬಿಸುವ 85 ಎಂಎಂ ಲೆನ್ಸ್ ಹಾಕಿದರೆ ಎಲ್ಲಾ ಉಲ್ಟಾ. ಥಿಯೇಟರಿನ ತೆರೆ ಮೇಲೆ ನಿಮ್ಮ ಒಂದು ಕಣ್ಣು ನಮ್ಮ ಮನೆ ಬಾಗಿಲಿನಷ್ಟು ದೊಡ್ಡದು. ಆ ಬಾಗಿಲು ಸುಮ್ಮಸುಮ್ಮನೆ ತೆರೆದು ಮುಚ್ಚಿದರೆ ನೋಡುವವರಿಗೆ ತಲೆಸುತ್ತು ಬರುತ್ತೆ. ಅದಕ್ಕೇ ರೆಪ್ಪೆ ಬಡಿಯೋದನ್ನು ಗಮನಿಸಿ ಅನ್ನೋದು. ಎದುರಿನವರ ಜೊತೆ ಮಾತಾಡುವಾಗ ಅವರ ಎರಡು ಕಣ್ಣನ್ನೂ ಹುಡುಕಬೇಡಿ, ಕ್ಯಾಮೆರಾಗೆ ಹತ್ತಿರ ಇರುವ ಒಂದನ್ನೇ ನೋಡಿ. ನಿಜಜೀವನದಲ್ಲಿ ನಮ್ಮ ಗುಡ್ಡೆ ಆಕಡೆ ಈಕಡೆ ಓಡುವುದು ಯಾರಿಗೂ ಗೊತ್ತಾಗಲ್ಲ, ಲೆನ್ಸಿನಲ್ಲಿ ನೀವು ಸುಳ್ಳು ಹೇಳುತ್ತಿರುವ ಹಾಗೆ ಕಾಣುತ್ತೆ.

ಇನ್ನೊಂದು, ನಾಚಿಕೆ ಬಿಟ್ಟು ಕೇಳಿ: "ಸರ್, ಎಲ್ಲಿವರೆಗೆ ಕಾಣುತ್ತೆ?" ಸೊಂಟದವರೆಗೋ, ಎದೆವರೆಗೋ, ಬರೀ ಮುಖವೋ. ಇದನ್ನು ಕೇಳಿದರೆ ಹೊಸಬಳು ಅಂದುಕೊಳ್ಳುತ್ತಾರೆ ಅಂತ ಹುಡುಗಿಯರು ಹೆದರುತ್ತಾರೆ. ತಪ್ಪು. ಕೆಲಸ ಬಲ್ಲ ಕ್ಯಾಮೆರಾಮನ್ ಆ ಪ್ರಶ್ನೆ ಕೇಳಿದ ಕ್ಷಣದಿಂದ ನಿಮ್ಮ ಕಡೆಗೆ ಆಗುತ್ತಾರೆ. ಎದೆವರೆಗಿನ ಫ್ರೇಮಿನಲ್ಲಿ ನೀವು ಸೆರಗು ಹಿಂಡುತ್ತಾ ಎಷ್ಟು ಚೆನ್ನಾಗಿ ಅಭಿನಯಿಸಿದರೂ ಅದು ನಿಮಗೂ ಸೀರೆಗೂ ಮಾತ್ರ ಗೊತ್ತು. ಹಾಗಂತ ಹಿಂಡಬೇಡಿ ಅಂತಲ್ಲ. ಕೈ ಕಾಣದಿದ್ದರೂ ಆ ಹಿಂಡುವುದು ಭುಜಕ್ಕೆ, ಕತ್ತಿಗೆ ಬಂದೇ ಬರುತ್ತೆ. ಒಳ್ಳೆ ನಟಿಯರು ಫ್ರೇಮಿನ ಹೊರಗೆ ಬಹಳ ಕೆಲಸ ಮಾಡುತ್ತಿರುತ್ತಾರೆ.

ಇನ್ನು ಸೀರಿಯಲ್ ಅನ್ನೋದು ಬೇರೆಯೇ ಲೋಕ. ಅಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೇ ಓಡುತ್ತವೆ, ಒಂದರಲ್ಲಿ ಇಡೀ ಹಾಲ್, ಇನ್ನೊಂದರಲ್ಲಿ ನಿಮ್ಮ ಮೂಗುತಿ. ಒಂದೇ ಅಭಿನಯ ಎರಡಕ್ಕೂ ಆಗಬೇಕು. ಬೆಳಗ್ಗೆ ‘ಕಮ್ಮಿ ಮಾಡಿ’ ಅಂದವರೇ ಮಧ್ಯಾಹ್ನ ‘ಎಕ್ಸ್‌ಪ್ರೆಷನ್ ಸಾಲ್ತಿಲ್ಲ ಮೇಡಂ, ಜಾಸ್ತಿ ಕೊಡಿ’ ಅನ್ನುತ್ತಾರೆ, ಯಾಕೆಂದರೆ ಅತ್ತೆ ತಟ್ಟೆ ಬೀಳಿಸಿದರೆ ಮನೆಯಲ್ಲಿರುವ ಏಳು ಜನರ ಮುಖವನ್ನೂ ಸರದಿಯಲ್ಲಿ ತೋರಿಸಬೇಕಲ್ವಾ. ಇದನ್ನು ನಾನು ಗೇಲಿಗೆ ಹೇಳುತ್ತಿಲ್ಲ. ಅದರದೇ ಒಂದು ವ್ಯಾಕರಣ ಇದೆ, ಒಗ್ಗರಣೆ ಹಾಕುತ್ತಾ ಅರ್ಧ ಕಿವಿಯಲ್ಲಿ ನೋಡುವವರಿಗೂ ಕಥೆ ತಲುಪಬೇಕು. ಅದೂ ಒಂಥರಾ ಕೊನೆ ಸಾಲೇ.

ಈಗ ಕಮ್ಮಿ ಮಾಡಬಾರದ್ದು. ಮೊದಲನೆಯದು ಉಸಿರು. ದನಿ ಇಳಿಸಿ ಅಂದ ತಕ್ಷಣ ನಮ್ಮ ಹುಡುಗಿಯರು ಉಸಿರನ್ನೂ ಇಳಿಸಿಬಿಡುತ್ತಾರೆ. ಗಂಟಲಿನಲ್ಲೇ ಪಿಸುಗುಡುತ್ತಾರೆ, ಅದನ್ನೇ ಸಹಜ ಅಂತ ತಿಳಿಯುತ್ತಾರೆ. ಕನ್ನಡದಲ್ಲಿ ಇದು ಬಹಳ ದುಬಾರಿ ತಪ್ಪು. ಯಾಕೆ ಅಂತ ಹೇಳುತ್ತೇನೆ.

ನಮ್ಮ ವಾಕ್ಯದ ಜೀವ ಇರೋದು ಬಾಲದಲ್ಲಿ. ‘ನಾನು ಅವನಿಗೆ ದುಡ್ಡು ಕೊಡ್ತೀನಿ ಅಂತ ಹೇಳಿ...’ ಇಲ್ಲಿವರೆಗೆ ಏನೂ ತೀರ್ಮಾನ ಆಗಿಲ್ಲ. ‘ಹೇಳಿದ್ನಾ?’ ಅಂದರೆ ಜಗಳ. ‘ಹೇಳಿದ್ನಲ್ಲ’ ಅಂದರೆ ಸಮಾಧಾನ. ‘ಹೇಳಿಲ್ಲ’ ಅಂದರೆ ನಿರಾಕರಣೆ. ‘ಹೇಳಿಬಿಟ್ಟೆ’ ಅಂದರೆ ಪಶ್ಚಾತ್ತಾಪ. ಇಡೀ ದೃಶ್ಯದ ದಿಕ್ಕು ಕೊನೆಯ ಎರಡು ಅಕ್ಷರದಲ್ಲಿ ಕೂತಿದೆ. ಉಸಿರು ಅಲ್ಲಿಗೆ ಬರುವಷ್ಟರಲ್ಲಿ ಖಾಲಿಯಾದರೆ ಆ ಎರಡು ಅಕ್ಷರ ನುಂಗಿಹೋಗುತ್ತೆ, ನೋಡುವವರಿಗೆ ಅವಳು ಹೇಳಿದಳೋ ಇಲ್ಲವೋ ತಿಳಿಯಲ್ಲ. ಹಳೇ ಕಂಪನಿ ನಾಟಕದ ನಟಿಯರನ್ನು ಕೇಳಿನೋಡಿ, ಮಾತಿನ ಬಾಲವನ್ನು ಅವರು ಎಂದೂ ನೆಲಕ್ಕೆ ಬಿಡಲ್ಲ. ನಾವು ಅದನ್ನು ರಾಗ ಅಂತ ನಗುತ್ತೇವೆ. ರಾಗ ಹೌದು, ಆದರೆ ರಾಗದ ಕೆಳಗೆ ಇರೋದು ಶುದ್ಧ ಲೆಕ್ಕಾಚಾರ: ಕೊನೆ ಸಾಲಿನಲ್ಲಿ ಚಾಪೆ ಮೇಲೆ ಕೂತವನಿಗೆ ಕ್ರಿಯಾಪದ ಕೇಳಿಸಬೇಕು.

ಬಿ. ಜಯಶ್ರೀ ಅವರನ್ನು ನಾನು ತರಗತಿಯಲ್ಲಿ ಮತ್ತೆಮತ್ತೆ ಉದಾಹರಣೆಗೆ ತರುವುದು ಇದಕ್ಕೇ. ಗುಬ್ಬಿ ವೀರಣ್ಣನವರ ಮೊಮ್ಮಗಳು. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ರಂಗಕ್ಕೆ ಮೈಕು ಅನ್ನೋದು ಬರುವುದಕ್ಕೆ ಎಷ್ಟೋ ಮೊದಲು. ಆ ಮನೆಯಲ್ಲಿ ಹುಟ್ಟಿ, ದೆಹಲಿಗೆ ಹೋಗಿ, 1973ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ತರಬೇತಿ ಮುಗಿಸಿ ಬಂದರು. ಅಂದರೆ ಒಂದೇ ಗಂಟಲಿನಲ್ಲಿ ಎರಡು ಶಾಲೆ. ಹಾಡು, ಮಾತು ಅಂತ ಬೇರೆಬೇರೆ ಮಾಡಲಾಗದಂಥ ಕಂಪನಿಯ ಕಂಠ ಒಂದು ಕಡೆ, ಈ ಮಾತು ಯಾಕೆ ಇಲ್ಲಿ ಬಂತು ಅಂತ ಕೇಳುವ ಆಧುನಿಕ ಶಿಸ್ತು ಇನ್ನೊಂದು ಕಡೆ. ಅವರು ರಂಗದ ಮೇಲೆ ಬಾಯಿ ತೆರೆದಾಗ ಸಭಾಂಗಣದ ಗಾಳಿಯೇ ಬದಲಾಗುವುದನ್ನು ಕಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಆದರೆ ನಾನು ಹೇಳಬೇಕಾಗಿರೋದು ಅದಲ್ಲ. ಇದೇ ಕಂಠ ಡಬ್ಬಿಂಗ್ ಸ್ಟುಡಿಯೋದ ಕತ್ತಲೆ ಕೋಣೆಗೂ ಹೋಯಿತು. ಕನ್ನಡ ಬಾರದ ಎಷ್ಟೋ ನಾಯಕಿಯರ ಬಾಯಿಗೆ ಜಯಶ್ರೀ ಅವರೇ ಮಾತು ಕೊಟ್ಟರು. ಮೈಕು ಅಲ್ಲಿ ಬಾಯಿಯಿಂದ ಒಂದು ಗೇಣು ದೂರ. ಅಲ್ಲಿ ಕಿರುಚಿದರೆ ದನಿ ಅಳೆಯುವ ಮೀಟರಿನ ಸೂಜಿ ಒಡೆಯುತ್ತೆ. ಹಾಗಾದರೆ ಅವರು ಏನು ಕಮ್ಮಿ ಮಾಡಿದರು? ಗಟ್ಟಿ ಅನ್ನೋದನ್ನು ಮಾತ್ರ. ಉಸಿರಿನ ಉದ್ದ ಅಷ್ಟೇ ಇತ್ತು, ಬಾಲ ಹಿಡಿಯುವ ಅಭ್ಯಾಸ ಅಷ್ಟೇ ಇತ್ತು.

ಡಬ್ಬಿಂಗ್ ಬಗ್ಗೆ ಒಂದು ಮಾತು, ಯಾಕೆಂದರೆ ನಟಿಯರ ಬಗ್ಗೆ ಬರೆಯುವವರು ಅದನ್ನು ಬರೀ ಹೊಟ್ಟೆಪಾಡಿನ ಕೆಲಸ ಅಂತ ಬಿಟ್ಟುಬಿಡುತ್ತಾರೆ. ತುಟಿ ಹೊಂದಿಸೋದು ಕಷ್ಟವೇ ಅಲ್ಲ, ವಾರದಲ್ಲಿ ಬರುತ್ತೆ. ಕಷ್ಟ ಇರೋದು ಮಾತಿನ ಮುಂಚಿನ ಉಸಿರು ಹೊಂದಿಸೋದು. ತೆರೆ ಮೇಲಿನ ಹೆಣ್ಣು ಮಾತಾಡೋದಕ್ಕೆ ಮುಂಚೆ ಎದೆ ಎತ್ತಿದ್ದಾಳೆ, ನೀವು ಆ ಉಸಿರು ಎಳೆಯದೆ ಮಾತು ಶುರು ಮಾಡಿದರೆ ತುಟಿ ಎಷ್ಟೇ ಕೂಡಿದರೂ ಆ ಮಾತು ಅವಳದ್ದಲ್ಲ ಅಂತ ನಮ್ಮ ಕಿವಿ ಹೇಳುತ್ತೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಕಡ್ಡಾಯ ಮಾಡಿಸುತ್ತೇನೆ: ಯಾವುದೋ ದೃಶ್ಯದ ದನಿ ಆರಿಸಿ, ಮಾತು ಬೇಡ, ಬರೀ ಉಸಿರು ಡಬ್ ಮಾಡಿ. ಮೊದಲ ದಿನ ನಗುತ್ತಾರೆ. ಮೂರನೇ ದಿನ ಒಬ್ಬಳಾದರೂ ಅಳುತ್ತಾಳೆ, ಯಾಕೆ ಅಂತ ಅವಳಿಗೇ ತಿಳಿಯಲ್ಲ.

ಜಯಶ್ರೀ ಅವರ ಇನ್ನೊಂದು ಪಾತ್ರ ನೋಡಿ. 1997ರ ‘ನಾಗಮಂಡಲ’ ಸಿನಿಮಾದ ಕುರುಡವ್ವ. ಕ್ಯಾಮೆರಾ ಬದುಕುವುದೇ ನಟಿಯ ಕಣ್ಣಿನ ಮೇಲೆ ಅಂತ ಈಗಷ್ಟೇ ಹೇಳಿದೆ, ಇಲ್ಲಿ ಆ ಕಣ್ಣೇ ಇಲ್ಲ. ಕತ್ತಿನ ಓರೆ, ಕೈಯ ಹುಡುಕಾಟ, ದನಿ, ಇಷ್ಟರಲ್ಲೇ ಆಗಬೇಕು. ಅಲ್ಲಿ ಕಮ್ಮಿ ಮಾಡಿ ಅಂದಿದ್ದರೆ ಏನು ಉಳಿಯುತ್ತಿತ್ತು?

ಎರಡನೆಯದು ಕೇಳಿಸಿಕೊಳ್ಳೋದು. ಇದನ್ನು ವಿವರಿಸೋಕೆ ನನಗೆ ಸಿಕ್ಕಿರುವ ಅತ್ಯಂತ ಒಳ್ಳೆ ಉದಾಹರಣೆ ಒಂದು ನಾಟಕ, ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ರಂಗಶಂಕರದಲ್ಲಿ ಅದು ಕನ್ನಡದಲ್ಲಿ ರಂಗಕ್ಕೆ ಬಂದಾಗ ಮಂಜುಳಾ ನಾಯಕ್ ಪಾತ್ರ ಮಾಡಿದವರು ಅರುಂಧತಿ ನಾಗ್, ಅಂದರೆ ಆ ರಂಗಮಂದಿರವನ್ನು ಕಟ್ಟಿಸಿದವರೇ. ರಂಗಮಂದಿರ ಶುರುವಾಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಮಂಜುಳಾ ಕನ್ನಡದ ಲೇಖಕಿ, ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯಿಂದ ದಿಢೀರ್ ಹೆಸರು ಮಾಡಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡಬೇಕು ಅನ್ನುವಷ್ಟರಲ್ಲಿ ಅಲ್ಲಿನ ತೆರೆ ಮೇಲಿರುವ ಅವಳದೇ ಬಿಂಬ ಅವಳನ್ನು ಮಾತಾಡಿಸೋಕೆ ಶುರು ಮಾಡುತ್ತೆ. ಆಮೇಲೆ ಇಡೀ ನಾಟಕ ಅವರಿಬ್ಬರದ್ದೇ. ಒಬ್ಬಳು ರಂಗದ ಮೇಲೆ, ಇನ್ನೊಬ್ಬಳು ತೆರೆಯ ಮೇಲೆ, ಇಬ್ಬರೂ ಒಬ್ಬರೇ ನಟಿ.

ತಾಂತ್ರಿಕವಾಗಿ ಇದು ಎಷ್ಟು ಭಯಂಕರ ಅಂತ ಸ್ವಲ್ಪ ಯೋಚಿಸಿ. ತೆರೆ ಮೇಲಿನವಳನ್ನು ಮೊದಲೇ ಚಿತ್ರೀಕರಿಸಿ ಆಗಿದೆ. ಅವಳು ಕಾಯಲ್ಲ. ಪ್ರೇಕ್ಷಕರು ಇವತ್ತು ನಿನ್ನೆಗಿಂತ ಎರಡು ಸೆಕೆಂಡು ಜಾಸ್ತಿ ನಕ್ಕರೆ ಬಿಂಬಕ್ಕೆ ಅದು ಗೊತ್ತಿಲ್ಲ, ಅದು ತನ್ನ ಪಾಡಿಗೆ ಮುಂದಿನ ಪ್ರಶ್ನೆ ಕೇಳಿಬಿಡುತ್ತೆ. ಹಾಗಾಗಿ ರಂಗದ ಮೇಲಿನ ನಟಿ ಆ ನಗುವನ್ನೂ ನಿಭಾಯಿಸಬೇಕು, ತನ್ನ ಉತ್ತರವನ್ನು ಬಿಟ್ಟಿರುವ ಜಾಗದಲ್ಲೇ ಕೂರಿಸಬೇಕು, ಮತ್ತೆ ಬಿಂಬ ಏನು ಕೇಳುತ್ತೆ ಅಂತ ಅಕ್ಷರ ಅಕ್ಷರ ಗೊತ್ತಿದ್ದರೂ ಈಗಲೇ ಮೊದಲ ಸಲ ಕೇಳುತ್ತಿರುವ ಹಾಗೆ ಇರಬೇಕು. ನಾನು ಪ್ರೇಕ್ಷಕರಲ್ಲಿ ಕೂತಾಗ ಕಥೆ ಕಡೆಗೆ ಅರ್ಧ ಗಮನ, ಅರುಂಧತಿಯವರ ಬೆನ್ನಿನ ಕಡೆಗೆ ಅರ್ಧ. ತೆರೆ ಮೇಲಿನ ಮುಖ ಹತ್ತಿರದ್ದು, ಹಗುರವಾಗಿ ಆಡಿದರೆ ಸಾಕು. ರಂಗದ ಮೇಲಿನವಳ ಮೈ ಇಡೀ ಜಾಗವನ್ನು ತುಂಬಬೇಕು. ಅಳತೆ ಎರಡು, ಹೆಣ್ಣು ಒಬ್ಬಳೇ. ಒಂದು ಕಡೆ ಜೋರು ಇನ್ನೊಂದು ಕಡೆ ಸತ್ತ ಹಾಗೆ ಕಂಡಿದ್ದರೆ ನಾಟಕವೇ ಬಿದ್ದುಹೋಗುತ್ತಿತ್ತು, ಯಾಕೆಂದರೆ ಇಬ್ಬರೂ ಒಬ್ಬಳೇ ಅಂತ ನಾವು ನಂಬಲೇಬೇಕು. ಮನೆಮಾತು ಕನ್ನಡವಲ್ಲದ, ಮುಂಬೈಯ ರಂಗಭೂಮಿಯಲ್ಲಿ ಮರಾಠಿ, ಗುಜರಾತಿ, ಹಿಂದಿಯಲ್ಲಿ ಬೆಳೆದು ಮದುವೆಯಾಗಿ ಬಂದಮೇಲೆ ಕನ್ನಡವನ್ನು ತಮ್ಮದು ಮಾಡಿಕೊಂಡ ನಟಿ ಇದನ್ನು ಮಾಡಿದರು ಅನ್ನೋದನ್ನೂ ಸೇರಿಸಿಕೊಳ್ಳಿ.

ಕ್ಯಾಮೆರಾ ಮುಂದೆ ಕೇಳಿಸಿಕೊಳ್ಳೋದು ಇನ್ನೂ ಕಷ್ಟ, ಯಾಕೆಂದರೆ ಎಷ್ಟೋ ಸಲ ಎದುರಿಗೆ ಯಾರೂ ಇರಲ್ಲ. ಮೊದಲು ಮಾಸ್ಟರ್ ಶಾಟ್, ಅಂದರೆ ಇಡೀ ದೃಶ್ಯ ಒಟ್ಟಿಗೆ ತೆಗೆಯುತ್ತಾರೆ, ಆಮೇಲೆ ಸಜೆಷನ್, ಅಂದರೆ ಎದುರಿನವರ ಭುಜದ ಮೇಲಿಂದ ತೆಗೆಯೋದು, ಆಮೇಲೆ ಕ್ಲೋಸಪ್. ದೊಡ್ಡ ನಟರ ಕ್ಲೋಸಪ್ ಮೊದಲು. ನಿಮ್ಮದು ಬರುವಷ್ಟರಲ್ಲಿ ರಾತ್ರಿ ಎಂಟೂವರೆ, ಅವರು ಮೇಕಪ್ ಒರೆಸಿಕೊಂಡು ಮನೆಗೆ ಹೋಗಿರುತ್ತಾರೆ. ನಿಮ್ಮ ಪ್ರೀತಿಯ ಗಂಡನ ಮಾತನ್ನು ಅಸಿಸ್ಟೆಂಟ್ ಹುಡುಗ ಪೇಪರ್ ನೋಡಿಕೊಂಡು ಒಂದೇ ಸಮನೆ ಓದುತ್ತಾನೆ. ಅವನ ಹೊಟ್ಟೆಯೂ ಹಸಿದಿರುತ್ತೆ. ಸೀರಿಯಲ್‌ನಲ್ಲಾದರೆ ನಿಮ್ಮ ಮಾತನ್ನೂ ಅವನೇ ಪ್ರಾಂಪ್ಟ್ ಮಾಡುತ್ತಾನೆ, ಅವನು ಹೇಳಿದ್ದನ್ನು ಕೇಳಿ ನೀವು ಹೇಳಬೇಕು. ರಂಗದಿಂದ ಬಂದವರಿಗೆ ಇದು ಅವಮಾನ ಅನಿಸುತ್ತೆ. ನನಗೂ ಅನಿಸಿತ್ತು. ಈಗ ಹಾಗಿಲ್ಲ. ತಾಲೀಮಿಲ್ಲದೆ ದಿನಕ್ಕೆ ಇಪ್ಪತ್ತು ಪುಟ ಮಾತು ಬಂದರೆ ಯಾರಿಗಾದರೂ ಬಾಯಿಪಾಠ ಆಗಲ್ಲ. ಪ್ರಾಂಪ್ಟ್ ಕೇಳಿದ ಕಿವಿ ಕಣ್ಣಿಗೆ ಬರದ ಹಾಗೆ ನೋಡಿಕೊಳ್ಳೋದು ಅಲ್ಲಿನ ಕಸುಬು. ಸರಿಯಾಗಿ ಮಾಡುವವರನ್ನು ನೋಡಿದರೆ ನನಗೆ ಗೌರವವೇ.

ರಂಗದ ಮೇಲೆ ಏಳೂವರೆಗೆ ಪರದೆ ಸರಿದರೆ ಒಂಬತ್ತೂವರೆವರೆಗಿನ ಸಮಯ ನಟಿಯದ್ದು. ಅವಳು ಹತ್ತುತ್ತಾ ಹೋಗುತ್ತಾಳೆ. ಸಿನಿಮಾದಲ್ಲಿ ಮೊದಲ ದಿನವೇ ಗಂಡ ಸತ್ತ ದೃಶ್ಯ, ಹದಿನೈದು ದಿನ ಆದಮೇಲೆ ಮದುವೆ ದೃಶ್ಯ. ಮನೆ ಲೊಕೇಶನ್ ಮೊದಲು ಸಿಕ್ಕಿತು, ಛತ್ರ ಆಮೇಲೆ, ಅಷ್ಟೇ ಕಾರಣ. ಹಾಗಾಗಿ ಏರಿಳಿತ ಅವಳ ತಲೆಯಲ್ಲಿ ಇರಬೇಕು, ಬೇರೆ ಯಾರ ತಲೆಯಲ್ಲೂ ಇರಲ್ಲ. ಕಂಟಿನ್ಯುಟಿ ನೋಡುವವರು ಬಳೆ ಎಷ್ಟು, ಹೂವು ಎಡಕ್ಕೋ ಬಲಕ್ಕೋ, ಕಾಫಿ ಲೋಟ ಯಾವ ಕೈಯಲ್ಲಿ ಅಂತ ಬರೆದುಕೊಳ್ಳುತ್ತಾರೆ. ಎದೆ ಎಷ್ಟು ಭಾರ ಇತ್ತು ಅಂತ ಬರೆದುಕೊಳ್ಳಲ್ಲ. ನನ್ನ ಹುಡುಗಿಯರಿಗೆ ಇನ್ನೂರು ಪುಟದ ನೋಟ್‌ಬುಕ್ ತರೋಕೆ ಹೇಳುತ್ತೇನೆ. ಪ್ರತಿ ದೃಶ್ಯಕ್ಕೂ ಎರಡೇ ಸಾಲು: ಇದಕ್ಕೆ ಮುಂಚಿನ ಗಳಿಗೆ ನಾನು ಎಲ್ಲಿದ್ದೆ, ಈಗ ಈ ಮನುಷ್ಯನಿಂದ ನನಗೆ ಏನು ಬೇಕು. ‘ದುಃಖ’, ‘ಕೋಪ’ ಅಂತ ಬರೆದರೆ ಹೊಡೆದುಹಾಕಿಸುತ್ತೇನೆ. ದುಃಖ ಅಂತ ಬರೆದುಕೊಂಡವಳು ಗ್ಲಿಸರಿನ್ ಕೇಳುತ್ತಾಳೆ. ‘ಅವನು ಬಾಗಿಲು ದಾಟದ ಹಾಗೆ ತಡೀಬೇಕು’ ಅಂತ ಬರೆದುಕೊಂಡವಳಿಗೆ ಕಣ್ಣೀರು ಬಂದರೂ ಸೈ, ಬರದಿದ್ದರೂ ಸೈ. ಗ್ಲಿಸರಿನ್ ಹಾಕೋದು ಪಾಪ ಅಂತೇನೂ ಅಲ್ಲ, ಆರನೇ ರೀಟೇಕ್‌ಗೆ ಎಂಥವರಿಗೂ ಬೇಕಾಗುತ್ತೆ. ಅದು ಕಣ್ಣಿನ ನೀರು ಮಾತ್ರ ಕೊಡುತ್ತೆ ಅನ್ನೋದು ನೆನಪಿರಲಿ.

ಇನ್ನು ವಯಸ್ಸಿನ ವಿಷಯ. ಇದನ್ನು ಮಾತಾಡದೆ ನಟಿಯ ವೃತ್ತಿಜೀವನದ ಬಗ್ಗೆ ಬರೆಯೋದು ಉಪ್ಪಿಲ್ಲದ ಸಾರು ಮಾಡಿದ ಹಾಗೆ.

ರಂಗಕ್ಕೆ ವಯಸ್ಸು, ರೂಪ, ಅಷ್ಟೇ ಯಾಕೆ, ಗಂಡು ಹೆಣ್ಣು ಅನ್ನೋದೂ ದೊಡ್ಡ ತಕರಾರಲ್ಲ. ಒಂದು ಕಾಲದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಆರ್. ನಾಗರತ್ನಮ್ಮ ಅದನ್ನು ತಿರುಗಿಸಿದರು. 1958ರಲ್ಲಿ ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿದರು, ಅವರೇ ಮೀಸೆ ಕಟ್ಟಿ ಕಂಸನಾದರು, ರಾವಣನಾದರು. ಮುಂದಿನ ಸಾಲಿನವರಿಗೆ ಅದು ಹೆಂಗಸು ಅಂತ ಗೊತ್ತು. ಗೊತ್ತಿದ್ದೂ ಕಂಸನಿಗೆ ಹೆದರುತ್ತಿದ್ದರು. ಕ್ಯಾಮೆರಾ ಇಂಥ ಒಪ್ಪಂದಕ್ಕೆ ಸುಲಭವಾಗಿ ಬರಲ್ಲ. ಅದು ಚರ್ಮದ ರಂಧ್ರ ಎಣಿಸುತ್ತೆ.

ಉಮಾಶ್ರೀ ಅವರ ದಾರಿಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನ ಪಾತ್ರ ಇವರದು. ಕಳೆದುಹೋದ ಹುಂಜವನ್ನು ಹುಡುಕುತ್ತಾ ಊರಿಗೆಲ್ಲ ಶಾಪ ಹಾಕುವ ಮುದುಕಿ. ಉಮಾಶ್ರೀ ಆಗ ಸಾಕವ್ವನಿಗಿಂತ ಎಷ್ಟೋ ಚಿಕ್ಕವರು. ರಂಗ ಅದನ್ನು ಕೇಳಲೇ ಇಲ್ಲ. ಬೆನ್ನು ಬಾಗಿತ್ತಾ, ದನಿಯಲ್ಲಿ ಆ ಹಟ್ಟಿಯ ಮಣ್ಣಿತ್ತಾ, ಹಸಿವಿನ ಜೊತೆಗೇ ಗತ್ತು ಇತ್ತಾ, ಸಾಕು. ಸಿನಿಮಾ ಏನು ಕೊಟ್ಟಿತು? 1984ರ ‘ಅನುಭವ’ದಿಂದ ಜನ ಗುರುತಿಸಿದರು, ಆಮೇಲೆ ವರ್ಷಗಟ್ಟಲೆ ಹಾಸ್ಯದ ಪಾತ್ರಗಳು, ಅದರಲ್ಲಿ ಎಷ್ಟೋ ಒಂದೇ ಅಚ್ಚಿನವು. ಆ ಪಾತ್ರಗಳನ್ನು ಕೀಳಾಗಿ ನೋಡುವವರ ಜೊತೆ ನಾನಿಲ್ಲ. ಹಾಸ್ಯದ ಟೈಮಿಂಗ್ ಕಲಿತ ನಟಿಗೆ ಯಾವುದನ್ನು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುತ್ತೆ, ದುಃಖಕ್ಕೂ ಬೇಕಾಗೋದು ಅದೇ. ಆದರೆ ಸಾಕವ್ವನನ್ನು ಹೊತ್ತಿದ್ದ ಮೈಗೆ ಕ್ಯಾಮೆರಾ ಅಷ್ಟೇ ತೂಕದ ಪಾತ್ರ ಕೊಡೋಕೆ ಅವರಿಗೆ ಐವತ್ತು ಆಗಬೇಕಾಯಿತು. 2008ರ ‘ಗುಲಾಬಿ ಟಾಕೀಸ್’ಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು.

ಆ ಚಿತ್ರವನ್ನು ನಾನು ಪಾಠಕ್ಕೆ ಇಡೋದು ಪ್ರಶಸ್ತಿಗಾಗಿ ಅಲ್ಲ. ಗುಲಾಬಿ ಕರಾವಳಿಯ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು, ಅವಳ ಮನೆಗೊಂದು ಟಿವಿ ಬರುತ್ತೆ. ಅಂದರೆ ಆ ಪಾತ್ರದ ಒಂದು ದೊಡ್ಡ ಪಾಲು ನೋಡೋದು. ಸುಮ್ಮನೆ ಕೂತು ತೆರೆ ನೋಡೋದು. ಏನೂ ಮಾಡದೆ ಕೂತ ಹೆಣ್ಣಿನ ಮುಖದ ಮೇಲೆ ಕ್ಯಾಮೆರಾ ನಿಂತಿದೆ, ನಮಗೆ ಬೇಜಾರಾಗಲ್ಲ. ಯಾಕೆ? ಅಲ್ಲಿ ಕೈ ಕಮ್ಮಿ, ದನಿ ಕಮ್ಮಿ, ಹುಬ್ಬು ಕಮ್ಮಿ, ಆದರೆ ತಲೆ ಒಳಗಿನದು ಆಫ್ ಆಗಿಲ್ಲ. ನನ್ನ ಹಳೇ ಕ್ಯಾಮೆರಾಮನ್ ಹೇಳಿದ್ದು ಅದನ್ನೇ. ರಂಗದವರು ಜೋರು, ಸಿನಿಮಾದವರು ಸಹಜ ಅನ್ನುವ ಹಂಚಿಕೆಗೆ ಇಂಥವರ ಮುಂದೆ ಬೆಲೆ ಇಲ್ಲ. ಅರವತ್ತು ದಾಟಿದ ಮೇಲೆ, 2021ರ ಕೊನೆಯಲ್ಲಿ, ಅವರೇ ‘ಪುಟ್ಟಕ್ಕನ ಮಕ್ಕಳು’ ಸೀರಿಯಲ್‌ನ ಪುಟ್ಟಕ್ಕನಾದರು. ನಡುವೆ ಐದು ವರ್ಷ ರಾಜ್ಯದ ಮಂತ್ರಿ ಆಗಿದ್ದರು, ಅದು ಬೇರೆ ಕಥೆ. ಆ ವಯಸ್ಸಿನ ಹೆಂಗಸು ಯಾರದೋ ತಾಯಿಯಾಗಿ ಮೂಲೆಯಲ್ಲಿ ನಿಲ್ಲದೆ ಸೀರಿಯಲ್‌ನ ಹೆಸರೇ ಆಗೋದು ನಮ್ಮಲ್ಲಿ ದಿನಾ ನಡೆಯಲ್ಲ.

ಮಾಮೂಲಿಯಾಗಿ ನಡೆಯೋದು ಬೇರೆ. ಮೂವತ್ತೆರಡಕ್ಕೆ ನಾಯಕನ ಅತ್ತಿಗೆ, ಮೂವತ್ತೆಂಟಕ್ಕೆ ಅವನ ತಾಯಿ. ನಾಯಕನಿಗೆ ನಲವತ್ತೈದು. ಕಿವಿ ಪಕ್ಕ ಸ್ವಲ್ಪ ಬಿಳಿ ಬಳಿದರೆ ಮುಗೀತು, ನೀವು ತಾಯಿ. ನನಗೂ ಹೀಗೇ ಆಯಿತು, ನನಗಿಂತ ಎರಡು ವರ್ಷ ದೊಡ್ಡವರಿಗೆ ‘ಮಗನೇ’ ಅಂದಿದ್ದೇನೆ. ದುಡ್ಡು ದಿನದ ಲೆಕ್ಕ, ಚೆಕ್ಕು ಮೂರು ತಿಂಗಳ ಮೇಲೆ. ಒಂದು ಸೀರಿಯಲ್‌ನಲ್ಲಿ ನಾನು ಕೊನೆ ಹನ್ನೆರಡು ದಿನದ ದುಡ್ಡು ಇವತ್ತಿನವರೆಗೂ ನೋಡಿಲ್ಲ. ಹವ್ಯಾಸಿ ನಾಟಕದಲ್ಲಂತೂ ಎಷ್ಟೋ ಸಲ ಕೈಯಿಂದಲೇ ಆಟೋ ಚಾರ್ಜು. ಅದಕ್ಕೇ ಹೊಸಬರಿಗೆ ನಾನು ಹೇಳೋದು, ಬೇರೆ ಒಂದು ಸಂಪಾದನೆ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಬೆಂಗಳೂರಿನ ಹವ್ಯಾಸಿ ರಂಗಭೂಮಿ ನಿಂತಿದ್ದೇ ಬ್ಯಾಂಕು, ಟೆಲಿಫೋನ್ಸು, ಸ್ಕೂಲು ಮುಗಿಸಿ ಸಂಜೆ ಆರಕ್ಕೆ ತಾಲೀಮಿಗೆ ಓಡಿ ಬಂದವರ ಮೇಲೆ. ಹೆಂಗಸರು ನಡುವೆ ಮನೆಗೂ ಹೋಗಿ ಕುಕ್ಕರ್ ಇಟ್ಟು ಬಂದಿರುತ್ತಿದ್ದರು. ತಾಲೀಮಿನ ಮಧ್ಯೆ ಗಡಿಯಾರ ನೋಡುವವಳಿಗೆ ಶ್ರದ್ಧೆ ಇಲ್ಲ ಅಂತ ಬೈದ ನಿರ್ದೇಶಕರನ್ನೂ ನೋಡಿದ್ದೇನೆ. ಅವರ ಕುಕ್ಕರ್ ಬೇರೆ ಯಾರೋ ಇಡುತ್ತಿದ್ದರು.

ಪೂರ್ತಿಯಾಗಿ ಕಲಿಯೋಕೆ ದಾರಿ ಇಲ್ಲವೇ ಅಂದರೆ ಇದೆ. ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಊರೂರಿಗೆ ನಾಟಕ ಒಯ್ಯುವ ಅವರ ‘ತಿರುಗಾಟ’ದಲ್ಲಿ ಒಂದು ವರ್ಷ ಸುತ್ತಿದ ಹುಡುಗಿಯನ್ನು ನಾನು ಕಣ್ಣುಮುಚ್ಚಿ ಗುರುತಿಸುತ್ತೇನೆ. ಇವತ್ತು ಸರಿಯಾದ ರಂಗಮಂದಿರ, ನಾಳೆ ಶಾಲೆ ಅಂಗಳ, ನಾಡಿದ್ದು ತಗಡಿನ ಚಾವಣಿ ಮೇಲೆ ಮಳೆ. ದಿನಾ ಬೇರೆ ಅಳತೆ. ಜಾಗ ನೋಡಿ ಅಳತೆ ಬದಲಿಸೋದು ಅವಳ ಮೈಗೆ ಬಂದಿರುತ್ತೆ, ಅಂಥವಳಿಗೆ ಲೆನ್ಸ್ ಅನ್ನೋದು ಇನ್ನೊಂದು ಊರು ಅಷ್ಟೆ. ಕ್ಯಾಮೆರಾ ಮುಂದೆ ಕಷ್ಟಪಡೋದು ನಗರದ ಒಂದೇ ಸಭಾಂಗಣದಲ್ಲಿ, ಒಂದೇ ಅಳತೆಯಲ್ಲಿ ನಟಿಸಿ ಬಂದ ನಮ್ಮಂಥವರು.

ಇಷ್ಟನ್ನೆಲ್ಲ ಆ ರಾತ್ರಿ ಫೋನಿನಲ್ಲಿ ಹೇಳೋಕೆ ಆಗಲಿಲ್ಲ. ಮಾರನೇ ದಿನ ಅವಳಿಗೆ ಬೆಳಗ್ಗೆ ಏಳಕ್ಕೆ ಕಾಲ್‌ಶೀಟ್ ಇತ್ತು. ಯಾವ ಸೀನು ಅಂದೆ. ಗಂಡ ಇನ್ನೊಬ್ಬಳ ಜೊತೆ ಫೋನಿನಲ್ಲಿ ಮಾತಾಡೋದನ್ನು ಅಡುಗೆಮನೆಯಿಂದ ಕೇಳಿಸಿಕೊಳ್ಳೋದು, ಮಾತೇ ಇಲ್ಲ ಅಂದಳು. ಕೈಯಲ್ಲಿ ಏನಿದೆ ಅಂದೆ. ಗೊತ್ತಿಲ್ಲ, ಸುಮ್ನೆ ನಿಲ್ಲಿ ಅಂದಿದ್ದಾರೆ ಅಂದಳು. ಒಂದು ಹಿಡಿ ಹುರುಳಿಕಾಯಿ ಕೇಳು, ನಾರು ತೆಗೀತಾ ಇರು, ಅವನು ಆ ಹೆಸರು ಹೇಳಿದಾಗಲೂ ನಿಲ್ಲಿಸಬೇಡ ಅಂದೆ.

ಸಂಜೆ ಮೆಸೇಜ್ ಬಂತು. ಸೆಟ್ಟಿನ ಸಾಮಾನು ನೋಡುವ ಆರ್ಟ್‌ನವರ ಹತ್ತಿರ ಹುರುಳಿಕಾಯಿ ಇರಲಿಲ್ಲವಂತೆ, ಬೆಳ್ಳುಳ್ಳಿ ಕೊಟ್ಟರಂತೆ. ಎರಡನೇ ಟೇಕ್ ಓಕೆ. ಮಾಸ್ಟರ್, ಸಜೆಷನ್, ಕ್ಲೋಸಪ್ ಅಂತ ಕಂಟಿನ್ಯುಟಿಗೆ ಮತ್ತೆಮತ್ತೆ ಸುಲಿದು, ಒಟ್ಟು ಮೂರು ಗಡ್ಡೆ ಬೆಳ್ಳುಳ್ಳಿ.